ನಡುವಿನ ಒಂಟಿ ಅಂಕಿ

ನಂಬುವುದು ಬಿಡುವುದು ನಿಮ್ಮಿಷ್ಟ; ಕೇಳಿದ್ದನ್ನಷ್ಟೇ ಹೇಳುತ್ತೇನೆ. ಇಲೊಯಿಲೊ ಊರಿನ ಶಾಲೆಯಲ್ಲಿ ನನ್ನ ಜೊತೆ ಗಣಿತ ಕಲಿಸುತ್ತಿದ್ದ ತಿಯೊಫಿಲೊ, ನೂರಾರು ಅಂಕಿಗಳ ಸಂಖ್ಯೆಯೊಂದರ ಹಿಂದೆ ಬಿದ್ದೇ ತೀರಿಕೊಂಡ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಅದೆಂದು ಅವನ ನಂಬಿಕೆ; ನಾವೆಲ್ಲ ನಕ್ಕಿದ್ದೆವು. ಅವನ ವರ್ಷದ ತಿಥಿಯ ಮಧ್ಯಾಹ್ನ, ಅವನ ಮನೆಯಲ್ಲಿ ಆ ಸಂಖ್ಯೆಯನ್ನು ಪರೀಕ್ಷಿಸುತ್ತಿದ್ದ ಕಂಪ್ಯೂಟರ್ ಹೌದೆಂದಿತು.

ಅವನ ಹೆಂಡತಿ ಕ್ಲೊರಿಂದಾ ಹಿಗ್ಗಿದಳು. "ಅವ್ರಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದೋಣ ಕಣಯ್ಯ. ನಾನು ಎಡಗಡೆಯಿಂದ, ನೀನು ಬಲಗಡೆಯಿಂದ."

ಇಬ್ಬರೂ ಒಟ್ಟಿಗೆ ಓದತೊಡಗಿದೆವು. ಪ್ರತಿ ಸಲವೂ ಒಂದೇ ಅಂಕಿ. ಸ್ವಲ್ಪ ಹೊತ್ತಿಗೆ ಮೂರನೆಯ ದನಿಯೊಂದು, ಕೂದಲೆಳೆಯಷ್ಟು ತಡವಾಗಿ, ಸೇರಿಕೊಂಡಿತು. ಹಿಂತಿರುಗಿ ನೋಡಿದೆ; ಯಾರೂ ಇರಲಿಲ್ಲ. ತಡವರಿಸಿದೆ.

"ನಿಲ್ಲಿಸ್ಬೇಡ, ಅರ್ಧಕ್ಕೆ ಬಿಟ್ರೆ ಅವ್ರಿಗೆ ಆಗಲ್ಲ," ಎಂದಳು ನಗುತ್ತ.

ಕೊನೆಗೆ ನಟ್ಟನಡುವಿನ ಒಂಟಿ ಅಂಕಿ ಉಳಿಯಿತು. "ಮೊದ್ಲು ಬಾಯಿ ಸಿಹಿ ಮಾಡ್ಕೋ," ಎಂದು ಅವಳು ನನ್ನ ಬಾಯಿಗೂ ತನ್ನ ಬಾಯಿಗೂ ಅಕ್ಕಿಯ ಸಿಹಿಕಡುಬು ತುರುಕಿದಳು.

ಇಬ್ಬರೂ ನೆಮ್ಮದಿಯಾಗಿ ಅಗಿಯುತ್ತಿರುವಾಗಲೇ "ಏಳು" ಎಂಬ ಮಾತು ಮೆಲ್ಲಗೆ ಕೇಳಿಸಿತು. ಪರದೆಯ ಮೇಲಿದ್ದದ್ದೂ ಏಳೇ.