ಮಾವಿನ ಮರದ ಸಿಂಗಳೀಕ

“ಕಣ್ಣು ಮುಚ್ಚು ಮಾರಾಯ್ತಿ, ಕಣ್ಣಿಗೆ ಮಸಿ ಹೋಗ್ತದೆ!”

ಅಪ್ಪ ಬಾಲಚಂದ್ರ ಲೇಕ್ ಮಾರ್ಕೆಟ್ಟಿನ ತಮ್ಮ ಹೋಟೆಲಿನ ಒಲೆಯಿಂದ ಮಸಿ ತಂದು ವನಮಾಲಾಳ ಮುಖಕ್ಕೆ ಬಳಿಯುತ್ತಿದ್ದರು. ಅಜ್ಜಿ ಇಂದಿರಮ್ಮ ಮುಖದ ಸುತ್ತ ಸೆಣಬಿನ ನಾರು ಕಟ್ಟಿದರು. ಸೊಂಟಕ್ಕೆ ಕಟ್ಟಿದ ಬಾಲದ ತುದಿಗೂ ಒಂದು ಕುಚ್ಚು ಬಂತು.

ಅಂದು ಶಾಲೆಯ ಸ್ಪೋರ್ಟ್ಸ್. ‘ಗೋ ಆಸ್ ಯು ಲೈಕ್’ ಸ್ಪರ್ಧೆಯಲ್ಲಿ ಯಾವ ವೇಷವಾದರೂ ಹಾಕಬಹುದು. ವನಮಾಲಾ ಸಿಂಗಳೀಕವಾಗಿದ್ದಳು, ಅಜ್ಜಿ ಚಿಕ್ಕಂದಿನಲ್ಲಿ ಕೊಲ್ಲೂರಿನ ಕಾಡಿನಲ್ಲಿ ಕಂಡ, ಸಿಂಹದ ಹಾಗೆ ಕುಚ್ಚಿನ ಬಾಲ ಇರುವ ಕೋತಿ.

ಕ್ಲಾಸಿನ ಮಿತಾಲಿ ಇದನ್ನು ಕೇಳಿ, “ಧತ್! ಸಿಂಹದ ಬಾಲ ಇರೋ ಕೋತಿಯಾ? ಅಂಥದ್ದು ಇಲ್ಲವೇ ಇಲ್ಲ!” ಎಂದು ಎಲ್ಲರೆದುರು ನಕ್ಕಿದ್ದಳು. ಫಸ್ಟ್ ಪ್ರೈಜ್ ಹೊಡೆದು ಅವಳ ಬಾಯಿ ಮುಚ್ಚಿಸಬೇಕಿತ್ತು.

“ಅದು ನೆಲಕ್ಕೆ ಇಳಿಯುದೇ ಅಪರೂಪ. ಕೆನ್ನೆಯೊಳಗೆ ಚೀಲ ಉಂಟು, ಹಣ್ಣು ತುಂಬಿಸಿಕೊಳ್ತದೆ. ಈಗ ಕಾಡು ಕಡಿದು ಕಡಿದು ಸ್ವಲ್ಪವೇ ಉಳಿದಿದ್ದಾವಂತೆ,” ಅಂದರು ಅಜ್ಜಿ.

ವನಮಾಲಾ ಅಜ್ಜಿಯ ಒಂದು ಮಾತನ್ನೂ ಬಿಡದೆ ನೆನಪಿಟ್ಟುಕೊಂಡಳು.

ಮೈದಾನದಲ್ಲಿ ನಾಲ್ಕು ಹುಲಿಗಳು, ಒಬ್ಬ ಪೊಲೀಸ್, ಒಬ್ಬ ಮೀನು ಮಾರುವವಳು ಸಾಲಾಗಿ ನಿಂತಿದ್ದರು. ಸಿಂಗಳೀಕ ಸಾಲಿನಲ್ಲಿ ನಿಲ್ಲುವುದುಂಟೇ? ವನಮಾಲಾ ಎರಡೂ ಕೆನ್ನೆಗೆ ಹೋಟೆಲಿನ ಗೋಳಿಬಜೆ ತುರುಕಿಕೊಂಡು, ಮೂಲೆಯ ಮಾವಿನ ಮರ ಹತ್ತಿ ಕೂತಳು.

ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್ ಆಗಿ ಮೈಕ್ ಸತ್ತಿತು. ಜಡ್ಜ್ ಮೇಡಂ ಗಂಟಲು ಹರಿದುಕೊಂಡರು.

“ನಂಬರ್ ಇಲೆವೆನ್! ವನಮಾಲಾ! ಎಲ್ಲಿದ್ದೀಯಾ?”

“ಊಂ! ಊಂ ಊಂ!”

ಗೋಳಿಬಜೆಯ ನಡುವೆ ಮಾತಿಗೆ ಜಾಗವಿರಲಿಲ್ಲ. ಮೇಡಂ ಮೈದಾನವನ್ನೆಲ್ಲ ನೋಡಿದರು, ಮರದ ಕಡೆ ಮಾತ್ರ ನೋಡಲಿಲ್ಲ.

“ಆಬ್ಸೆಂಟ್!”

ಬಹುಮಾನ ಹುಲಿಯೊಂದಕ್ಕೆ ಹೋಯಿತು. ಆ ಹುಲಿ ಮಿತಾಲಿಯೇ! ವನಮಾಲಾಗೆ ಅಳು ಉಕ್ಕಿ ಬಂತು. ಬಾಯಿಂದ ಒಂದು ಬಜೆ ಜಾರಿ, ಮರದ ನೆರಳಿಗೆ ಬಂದಿದ್ದ ಅದೇ ಹುಲಿಯ ತಲೆಯ ಮೇಲೆ ಟಪ್ಪೆಂದು ಬಿತ್ತು.

ಮಿತಾಲಿ ತಲೆಯೆತ್ತಿದಳು. ಎಲೆಗಳ ನಡುವೆ ಕಪ್ಪು ಮುಖ, ಸುತ್ತಲೂ ಕೇಸರ, ಕೆಳಗೆ ತೂಗುವ ಕುಚ್ಚಿನ ಬಾಲ. ಅವಳು ತೆರೆದ ಬಾಯಿ ಮುಚ್ಚಲಿಲ್ಲ.

“ಅಯ್ಯೋ, ಇದೆ!” ಅಂದಳು ಕೊನೆಗೆ. “ಇಂಥವು ಎಷ್ಟಿವೆ?”

ವನಮಾಲಾ ಬಜೆ ನುಂಗಿದಳು. “ಸ್ವಲ್ಪವೇ.”

ಇಳಿಯಲು ಕಾಲಿಟ್ಟಾಗ ಕೊಂಬೆ ತೊನೆದಾಡಿತು. ಮಿತಾಲಿ ಬಹುಮಾನದ ಡಬ್ಬಿಯನ್ನು ನೆಲಕ್ಕೆ ಹಾಕಿ ಎರಡೂ ಕೈ ಚಾಚಿದಳು.

“ಏ, ಮೆಲ್ಲಗೆ! ನೀನು ಬಿದ್ದರೆ ಇನ್ನೂ ಒಂದು ಕಮ್ಮಿ ಆಗುತ್ತೆ!”

ವನಮಾಲಾಗೆ ಅಳು ಮರೆತೇಹೋಯಿತು. ದಿನಾ ಮರದಿಂದ ಧುಮುಕುವ ಹುಡುಗಿ ಅಂದು ಒಂದೊಂದೇ ಕೊಂಬೆ ಹಿಡಿದು, ಬಹಳ ಜೋಪಾನವಾಗಿ ಇಳಿದಳು.