ತೂತು ಬಿದ್ದ ಜೆಜ್ವೆಗಳು

ಸರಾಯೆವೊದ ಹಳೇಪೇಟೆ ಠಾಣೆಗೆ ಸೋಮವಾರ ಬೆಳಿಗ್ಗೆ ಎಂಟಕ್ಕೇ ದೂರು ಬಂತು. ತಾಮ್ರಗಾರರ ಸಂಘದ ಅಧ್ಯಕ್ಷ ಫಿಕ್ರೆತ್ ಚಾವುಶ್‌ನ ಅಂಗಡಿಗೆ ರಜೆಯ ಭಾನುವಾರ ಯಾರೋ ನುಗ್ಗಿ, ಕಾಫಿ ಕಾಸುವ ಜೆಜ್ವೆ ಎಂಬ ತಾಮ್ರದ ಪಾತ್ರೆಗಳ ತಳ ತೂತು ಮಾಡಿ, ಬಾಗಿಲ ಮುಂದೆ ಹಗ್ಗಕ್ಕೆ ನೇತುಹಾಕಿದ್ದರು. ಇನ್‌ಸ್ಪೆಕ್ಟರ್ ನೆರ್ಮಿನ್ ಪಾಶಿಚ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ದಾಮಿರ್‌ನನ್ನು ಕರೆದುಕೊಂಡು ಹೊರಟ.

ಅಂಗಡಿ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ನಗು ತಡೆದುಕೊಂಡವರೇ ಹೆಚ್ಚು. ಕಳಪೆ ಮಾಲು ಸಿಕ್ಕರೆ ತೂತು ಹೊಡೆದು, ಮಾಡಿದವನ ಬಾಗಿಲಿಗೇ ಕಟ್ಟುವುದು ಸಂಘದ ಹಳೆಯ ಕಟ್ಟಳೆ. ಅಧ್ಯಕ್ಷನ ಬಾಗಿಲಿಗೆ ಕಟ್ಟಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಹಿಂಬಾಗಿಲ ಚಿಲಕ ಕಿತ್ತುಹೋಗಿತ್ತು. ಪಂಚನಾಮೆ ಬರೆಯುತ್ತಿದ್ದ ದಾಮಿರ್, ಕಪಾಟಿನಲ್ಲಿ ಉಳಿದಿದ್ದ ಜೆಜ್ವೆಯೊಂದನ್ನು ಮೂಸಿದ.

"ಸರ್, ವಿನೆಗರ್ ವಾಸನೆ. ತೂತು ಬೀಳದೇ ಇರೋವೂ ಹೀಗೇ ನಾರ್ತಿವೆ."

ಒಳಗಿನ ಕಲಾಯಿ ಸರಿಯಾಗಿ ಕೂರದಿದ್ದರೆ, ಸುರಿದ ವಿನೆಗರ್ ತಾಮ್ರ ತಾಗಿ ಹಸಿರಾಗುತ್ತದೆ. ಬಂದವರು ಒಂದೊಂದನ್ನೂ ಪರೀಕ್ಷಿಸಿ, ಸೋತದ್ದಕ್ಕೆ ಮಾತ್ರ ಹೊಡೆದಿದ್ದಾರೆ. ದ್ವೇಷಕ್ಕೆ ಬಂದವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಸಂಘದ ಪರೀಕ್ಷಕರು ಯಾರು?" ನೆರ್ಮಿನ್ ಕೇಳಿದ.

"ಈಗ ನಾನೇ ನೋಡ್ಕೋತೀನಿ," ಎಂದ ಫಿಕ್ರೆತ್.

"ಮೊದಲು?"

"ಉಮಿಹಾನಾ. ವಯಸ್ಸಾಯ್ತು ಅಂತ ಬಿಡಿಸಿದ್ವಿ. ಮಾಲೇನೂ ಕಳಪೆ ಅಲ್ಲ ಸಾಹೇಬ್ರೆ!"

"ಕಳಪೆ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜೆಜ್ವೆಗಳನ್ನೆಲ್ಲ ವಶಕ್ಕೆ ಪಡೆದು ಸೀಲ್ ಮಾಡಿಸಿ, ನೆರ್ಮಿನ್ ಉಮಿಹಾನಾಳ ಮನೆಯ ಏರು ಹತ್ತಿದ.

"ಬನ್ನಿ, ತಡ ಮಾಡಿದ್ರಿ. ಕಾಫಿ ಆರಿಹೋಯ್ತು," ಎಂದಳು ಮುದುಕಿ.

"ನೀವೇನಾ ಅಕ್ಕ?"

"ಮತ್ತಿನ್ಯಾರಿಗೆ ಅಷ್ಟು ನೇರವಾಗಿ ಹೊಡೆಯೋಕೆ ಬರತ್ತೆ?"

ಅಷ್ಟರಲ್ಲಿ ಫಿಕ್ರೆತ್ ಏದುಸಿರು ಬಿಡುತ್ತಾ ಬಂದ. "ಒಂದು ಕ್ಷಮೆ ಕೇಳಿಬಿಡಿ ಉಮಿಹಾನಕ್ಕ. ದೂರು ವಾಪಸ್ ತಗೋತೀನಿ."

"ಕೇಳಲ್ಲ ಕಣೋ! ಚಿಲಕ ಮುರಿದಿದ್ದೀನಿ, ಶಿಕ್ಷೆ ಆಗ್ಲಿ. ಜನ ಅದರಲ್ಲಿ ಕಾಸಿ ಕುಡೀತಾರೆ, ತಾಮ್ರದ ವಿಷ ಹೊಟ್ಟೆಗೆ ಹೋಗತ್ತೆ ಅಂತ ಸಂಘದಲ್ಲಿ ಬಾಯಿ ಬಡ್ಕೊಂಡೆ, ಕಿವಿಗೆ ಹಾಕ್ಕೊಂಡ್ಯಾ? ಈಗ ಮಾಲು ಪೊಲೀಸರ ಕೈಲಿದೆ. ನಮ್ಮ ಸಂಘದ ಮುದ್ರೆ ಹಿಂದೆ ಎಂಥಾ ಕಲಾಯಿ ಇದೆ ಅಂತ ಕೋರ್ಟೇ ನೋಡ್ಲಿ!"

ಫಿಕ್ರೆತ್‌ನ ಮುಖ ಕಪ್ಪಿಟ್ಟಿತು. ನೆರ್ಮಿನ್ ಮುದುಕಿಯತ್ತ ತಿರುಗಿ ಕೇಳಿದ.

"ಎಲ್ಲಕ್ಕಿಂತ ಮೇಲೆ ಕಟ್ಟಿದ್ದ ಜೆಜ್ವೆಯಲ್ಲಿ ಕೆಲಸಗಾರ ಎಧೆಮ್‌ನ ಗುರುತಿದೆ. ನಿಮ್ಮ ಮಗ. ಇವರ ಅಂಗಡೀಲೇ ಕಲಾಯಿ ಹಾಕ್ತಾನೆ, ಅಲ್ವಾ?"

"ಮೊದಲ ತೂತು ಹೊಡೆದಿದ್ದೇ ಅದಕ್ಕೆ." ಅವಳು ಗೂಟದಲ್ಲಿದ್ದ ಶಾಲು ತೆಗೆದುಕೊಂಡಳು. "ಅದನ್ನ ಬಿಟ್ಟಿದ್ರೆ ಉಳಿದವಕ್ಕೆ ಹೊಡೆಯೋ ಹಕ್ಕು ನನಗೆಲ್ಲಿತ್ತು?"

ಶಾಲು ಹೊದ್ದು ಅವಳೇ ಮುಂದೆ ನಡೆದಳು. ಮಧ್ಯಾಹ್ನ ಬಂಧನ ದಾಖಲಾಯಿತು.

ಸಂಜೆ ಎಧೆಮ್ ತಾನಾಗಿಯೇ ಠಾಣೆಗೆ ಬಂದ. ಬೆಂಚಿನ ಮೇಲಿದ್ದ ಅಮ್ಮನನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

"ಕಲಾಯಿ ತೆಳು ಮಾಡಿದ್ದು ನಾನೇ," ಎಂದು ದಾಮಿರ್ ಎದುರು ಕೂತ. "ಮಾಡಿಸಿದ್ದು ಯಾರು ಅಂತಲೂ ಹೇಳ್ತೀನಿ. ಬರ್ಕೊಳ್ಳಿ."