ಅರವತ್ತೆಂಟಕ್ಕೆ ಹೊಲಿದ ನೂರು

ಮಾರ್ಚ್ 12, ಬೆಳಗ್ಗೆ 9.40. ವಿಮಾನ ನಿಲ್ದಾಣದ ಗುಮಾಸ್ತ ಮಾರ್ಕೋಸಿ, ಹಿಮನಾಡಿನ ಕಿಂಗಾಲಿಕ್ ಊರಿನ ಪೊಲೀಸ್ ಠಾಣೆಯೊಳಗೆ ನುಗ್ಗಿದ.

"ಸಾರ್, ತಸಿಯಾಲುಕ್ ದೂರ ಹೋಗ್ಬಿಟ್ಟಿದೆ!"

"ಊರು ಎಲ್ಲಿಗಯ್ಯಾ ಹೋಗುತ್ತೆ?" ಸಾರ್ಜೆಂಟ್ ಪಾವ್ಲೂಸಿ ಚಹಾದಿಂದ ತಲೆ ಎತ್ತಲಿಲ್ಲ.

"ಶುಕ್ರವಾರ ಅರವತ್ತೆಂಟು ಕಿಲೋಮೀಟರ್ ಇತ್ತು. ಇವತ್ತು ನೂರ ಅರವತ್ತೆಂಟು!"

ನಿಲ್ದಾಣದ ಗೋಡೆಯಲ್ಲಿ ಊರ ಹೆಂಗಸರು ಹೊಲಿದ ಉಣ್ಣೆಯ ನಕ್ಷೆಯಿದೆ. ಅದರಲ್ಲಿ ಒಂದೊಂದು ಊರಿಗೂ ಹೊಲಿದಿರುವ ವಿಮಾನದ ದೂರ ನೋಡಿಯೇ ಮಾರ್ಕೋಸಿ ಸರ್ಕಾರಿ ಅರ್ಜಿ ತುಂಬುವುದು. ನೂರು ಕಿಲೋಮೀಟರ್ ದಾಟಿದರೆ ಬಂಧುಗಳನ್ನು ನೋಡಲು ಟಿಕೆಟ್ ಪುಕ್ಕಟೆ. ಇಲ್ಲದಿದ್ದರೆ ಹಿಮದ ಬಂಡಿಯೇ ಗತಿ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ!

ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಪಂಚನಾಮೆ. ಅರವತ್ತೆಂಟರ ಎಡಕ್ಕೆ ಸೀಲ್ ಪ್ರಾಣಿಯ ಚರ್ಮದ 'ಒಂದು'. ಹನಿ ನೀರೂ ನುಸುಳದ ಹೊಲಿಗೆ. ಹೊಲಿಗೆ ನೋಡಿ ಕೈ ಯಾರದೆಂದು ಈ ಊರಿನ ಮಕ್ಕಳೂ ಹೇಳುತ್ತಾರೆ. ಅಂದು ಮಾತ್ರ ಪಂಚರಾಗಿ ಬಂದ ಹೆಂಗಸರಿಬ್ಬರಿಗೂ ಏನೂ ಕಾಣಿಸಲಿಲ್ಲ.

"ಯಾರ ಕೈಯಮ್ಮಾ ಇದು?"

"ಕನ್ನಡಕ ತಂದಿಲ್ಲಪ್ಪ."

"ಹಾಕ್ಕೊಂಡೇ ಇದ್ದೀಯಲ್ಲ!"

"ಇದು ದೂರಕ್ಕೆ ನೋಡೋದು."

ಕಾನ್‌ಸ್ಟೇಬಲ್ ಎಲಿಸಪಿ ಮೆಲ್ಲಗೆ ಕೆಮ್ಮಿದಳು. "ಸಾರ್, ನಿಮ್ಮ ಎಡಗಾಲಿನ ಬೂಟು ನೋಡ್ಕೊಳ್ಳಿ."

ಅದೇ ಹೊಲಿಗೆ. ಅದನ್ನು ಹೊಲಿದುಕೊಟ್ಟವಳು ಉಲ್ಲುರಿಯಾಕ್ ಅಜ್ಜಿ. ಪಾವ್ಲೂಸಿ ಬೂಟನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ, ಮಾರ್ಕೋಸಿಯ ಗಂಬೂಟು ಮೆಟ್ಟಿಕೊಂಡು 11.15ಕ್ಕೆ ಎಲಿಸಪಿಯೊಂದಿಗೆ ಅಜ್ಜಿಯ ಮನೆ ತಲುಪಿದ.

"ಅಜ್ಜಿ, ನೀನೇನಾ ಹೊಲಿದಿದ್ದು?"

"ಮತ್ತಿನ್ಯಾರು? ಅಂಥಾ ಹೊಲಿಗೆ ಬೇರೆಯವರಿಗೆ ಬರುತ್ತಾ?"

"ಯಾಕೆ ಹೊಲಿದೆ?"

"ನಮ್ಮೆಜಮಾನ್ರು ತಸಿಯಾಲುಕ್‌ನಲ್ಲಿದ್ದಾರೆ. ಹುಟ್ಟಿ ನಾಲ್ಕು ತಿಂಗಳಾಯ್ತು, ಇನ್ನೂ ಮುಖ ನೋಡಿಲ್ಲ."

ಅಜ್ಜಿಯ ಗಂಡ ತುಲುಗಾಕ್ ತೀರಿಕೊಂಡು ಎರಡು ವರ್ಷ. ತಸಿಯಾಲುಕ್‌ನಲ್ಲಿರುವ ಅಜ್ಜಿಯ ತಂಗಿಯ ಮಗಳು ತನ್ನ ಕೂಸಿಗೆ ಅವನ ಹೆಸರಿಟ್ಟಿದ್ದಳು. ತೀರಿಕೊಂಡವರ ಹೆಸರು ಹೊತ್ತ ಕೂಸೇ ಇಲ್ಲಿ ಆ ಮನುಷ್ಯರು; ಪಾವ್ಲೂಸಿ ಕೂಡ ತನ್ನ ತಾಯಿಯ ಹೆಸರಿಟ್ಟ ಐದು ವರ್ಷದ ಮಗಳನ್ನು 'ಅಮ್ಮ' ಎಂದೇ ಕರೆಯುತ್ತಾನೆ.

"ಅರ್ಜಿ ಮೂರು ಸಲ ವಾಪಸ್ ಬಂತು," ಅಜ್ಜಿ ಗುಡುಗಿದಳು. "ಈ ಸೊಂಟ ಇಟ್ಕೊಂಡು ಹಿಮದ ಬಂಡಿ ಹತ್ತಿದ್ರೆ ಅವರಿಗೆ ಸಿಗೋದು ನನ್ನ ಮೂಳೆ ಅಷ್ಟೆ!"

"ಬುದ್ಧಿ ಹೇಳಿ ಬಿಟ್ಬಿಡ್ತೀನಿ, ಅಜ್ಜಿ."

"ಬಿಡೋದೇನು? ಊರೂರು ತಿರುಗೋ ಆ ಕೋರ್ಟ್ ಈ ಸಲ ಎಲ್ಲಿ ಕೂರುತ್ತೆ?"

ಎಲಿಸಪಿ ಸೂರು ನೋಡುತ್ತ ಹೇಳಿದಳು: "ತಸಿಯಾಲುಕ್, ಸಾರ್. ನಾಡಿದ್ದು. ಆರೋಪಿಗಳಿಗೆ ಪೊಲೀಸ್ ವಿಮಾನ ಇದೆ."

ಅಜ್ಜಿ ಎರಡೂ ಕೈ ಮುಂದೆ ಚಾಚಿದಳು. "ಬೇಡಿ ಹಾಕೋ. ನೋಡ್ತಾ ನಿಂತ್ಯಲ್ಲ!"

11.50ಕ್ಕೆ ಬಂಧನವಾಯಿತು.

ಮಾರ್ಚ್ 14ರಂದು ಹಾರಾಟ ಇಪ್ಪತ್ತೇ ನಿಮಿಷ. 'ಒಂದು' ಬಿಚ್ಚಿಹಾಕಬೇಕೆಂದು ನ್ಯಾಯಾಧೀಶರು ತೀರ್ಪಿತ್ತರು. ಹೊರಗೆ ಕಾದಿದ್ದ ತಂಗಿಯ ಮಗಳು ಕೂಸನ್ನು ಅಜ್ಜಿಯ ಮಡಿಲಿಗಿಟ್ಟಳು. ಅದು ಅವಳ ಮೂಗನ್ನೇ ಹಿಡಿದು ಜಗ್ಗಿತು.

"ಏನ್ರೀ," ಅಜ್ಜಿಯ ದನಿ ಒಡೆಯಿತು, "ಒಂದ್ ಮಾತೂ ಹೇಳ್ದೆ ಹೋಗ್ಬಿಟ್ರಲ್ರೀ."

ಪಾವ್ಲೂಸಿ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಅಂತಿಮ ವರದಿಯಲ್ಲಿ ಅಪರಾಧದ ಉದ್ದೇಶ ಕೇಳಿದ್ದ ಜಾಗದಲ್ಲಿ ಬರೆದ: 'ಆರೋಪಿಗೆ ಗಂಡನ ಮನೆಗೆ ಹೋಗಬೇಕಿತ್ತು.'